ಬಲಗಾಲಿನ ಶೂ ಹೇಳಿದ್ದು

ಈ ಬರಹಗಾರನ ದಡ್ಡತನದಿಂದಲೇ ಶುರು ಮಾಡುವುದು ಮರ್ಯಾದೆ. ಬಹಳ ವರ್ಷಗಳ ಹಿಂದೆ ಫುಟ್‌ಬಾಲ್ ಕ್ಲಬ್ಬೊಂದರ ಕಾರಿಡಾರಿನಲ್ಲಿ, ಐವತ್ತರ ಹತ್ತಿರದ, ಹೊಟ್ಟೆ ತುಸು ಮುಂದಕ್ಕೆ ಬಂದ ಒಬ್ಬರು ಫಳಫಳ ಹೊಳೆಯುವ ಹೊಸ ಆಟದ ಶೂ ಹಾಕಿಕೊಂಡು ಟಕಟಕ ಬರುತ್ತಿದ್ದರು. ಯಾರೋ ಹಳೆಯ ಕಾಲದ ಮಹಾ ಆಟಗಾರರೇ ಇರಬೇಕೆಂದು ಪುಸ್ತಕ ಚಾಚಿ ಸಹಿ ಕೇಳಿದ್ದಾಯಿತು. ಅವರು ತುಟಿ ಬಿಚ್ಚದೆ ಸಹಿ ಹಾಕಿ, ಕೆಳಗೆ ತಾರೀಖನ್ನೂ ಬರೆದು ಮುಂದೆ ಹೋದರು. ಆ ಪುಟವನ್ನು ನಾಲ್ಕು ಜನಕ್ಕೆ ತೋರಿಸಿ ಮೆರೆದದ್ದೂ ಆಯಿತು. ಗೊತ್ತಾದದ್ದು ಆಮೇಲೆ: ಅವರು ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಕ್ಲಬ್ಬಿನ ಶೂಗಳನ್ನು ನೋಡಿಕೊಳ್ಳುವವರು. ಆಟಗಾರರ ಬಾಯಲ್ಲಿ ಶೂಮಾವ.

ಅಂದು ಕಾಲಲ್ಲಿದ್ದ ಶೂ ಅವರದಲ್ಲ, ಮಿಂಚಿನದು. ಮಿಂಚು ಎಂಬುದು ತಂಡದ ತಾರೆಗೆ ಪತ್ರಿಕೆಯವರು ಇಟ್ಟ ಹೆಸರು. ಚೆಂಡಿನ ಜೊತೆ ಎಂಥ ಆಟ ಬೇಕಾದರೂ ಆಡುವ ಆ ಪಾದಗಳಿಗೆ ಹೊಸ ಶೂ ಮಾತ್ರ ಆಗದು. ಅದೃಷ್ಟವೋ ಗ್ರಹಚಾರವೋ, ಶೂಮಾವನ ಪಾದದ ಅಳತೆಯೂ ಅದೇ, ಉಗುರಿನಷ್ಟೂ ಹೆಚ್ಚುಕಡಿಮೆಯಿಲ್ಲ. ಹಾಗಾಗಿ ಪ್ರತಿ ಹೊಸ ಜೊತೆ ಬಂದಾಗಲೂ ಅವರು ಅದನ್ನು ಬೆಚ್ಚನೆಯ ನೀರಲ್ಲಿ ಅದ್ದಿ, ಒದ್ದೆಯಿರುವಾಗಲೇ ಕಾಲಿಗೇರಿಸಿ, ಬಟ್ಟೆ ಒಗೆಯುವ ಮೆಷಿನ್ನಿನಿಂದ ಉಗ್ರಾಣದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಮೆಷಿನ್ನಿಗೆ ಒಂದು ವಾರ ನಡೆಯುತ್ತಿದ್ದರು. ಚರ್ಮ ಹದಕ್ಕೆ ಬಂದ ಮೇಲೆ ಶೂ ಮಿಂಚಿಗೆ, ಹಿಮ್ಮಡಿಯ ಗುಳ್ಳೆಗಳು ಶೂಮಾವನಿಗೆ.

"ಎಲ್ಲರ ಗಂಡಂದಿರೂ ನಡ್ಕೊಂಡು ಕೆಲಸಕ್ಕೆ ಹೋಗ್ತಾರೆ. ನಿಮಗೆ ನಡೆಯೋದೇ ಕೆಲಸ. ಎಲ್ಲಿಗೂ ಹೋಗಿ ಮುಟ್ಟೋದಂತೂ ಇಲ್ಲ," ಎನ್ನುತ್ತಲೇ ಹೆಂಡತಿ ಮುಲಾಮು ಹಚ್ಚುತ್ತಿದ್ದರು.

ಹೀಗೇ ಹನ್ನೆರಡು ವರ್ಷ ಕಳೆಯಿತು. ಮಿಂಚಿಗೆ ಮೂವತ್ತನಾಲ್ಕು ತುಂಬಿತು. ಕಪ್ಪಿನ ಫೈನಲ್‌ಗೆ ಮೂರು ದಿನ ಇತ್ತು. ಗುರುವಾರ ಅಭ್ಯಾಸ ಮುಗಿದ ಮೇಲೆ ಶೂಮಾವ ಮಣ್ಣು ಕೆರೆದು, ಒರೆಸಲೆಂದು ಬಲಗಾಲಿನ ಶೂ ಒಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಒಳಗಿನ ಅಟ್ಟೆ ಹೆಬ್ಬೆರಳಿನ ಕಡೆ ತಗ್ಗು ಬಿದ್ದಿದೆ. ಕಿರುಬೆರಳಿನ ಕಡೆ ಸವೆತವೇ ಇಲ್ಲ. ಚಪ್ಪಲಿ ಬಿಟ್ಟು ತಮ್ಮ ಪಾದವನ್ನೇ ತೂರಿಸಿ ಎದ್ದು ನಿಂತರು. ಪಾದ ಒಳಮಗ್ಗುಲಿಗೆ ವಾಲಿತು. ಮೂರು ವಾರದ ಹಿಂದೆ ತಾವೇ ಹದ ಮಾಡಿ ಕೊಟ್ಟ ಶೂ, ಆಗ ಹೀಗಿರಲಿಲ್ಲ. ಅಂದರೆ ಇವನು ಪಾದದ ಹೊರ ಅಂಚನ್ನು ನೆಲಕ್ಕೆ ಊರದೆ ಓಡುತ್ತಿದ್ದಾನೆ.

ಅಷ್ಟರಲ್ಲಿ ಟವೆಲಿಗೆಂದು ಮಿಂಚೇ ಒಳಗೆ ಬಂದ.

"ಎಷ್ಟು ದಿನದಿಂದ ನೋವು?"

"ಯಾವ ನೋವು ಮಾವ?"

"ನನ್ನ ಹತ್ರ ನಾಟಕ ಬೇಡ ಕಣಪ್ಪ. ನಿನ್ನ ಶೂನಲ್ಲೇ ನಿಂತಿದ್ದೀನಿ."

ಮಿಂಚು ಬಾಗಿಲು ಮುಂದೆ ಮಾಡಿದ. ದನಿ ತಗ್ಗಿತು. "ಭಾನುವಾರ ಒಂದು ದಿನ ಮಾವ. ಆಡಿದ್ರೆ ಇನ್ನೆರಡು ವರ್ಷ ಇಟ್ಕೋತಾರೆ. ಇಲ್ಲಾಂದ್ರೆ ಮುದುಕ ಅಂತ ಮನೆಗೆ ಕಳಿಸ್ತಾರೆ. ಡಾಕ್ಟ್ರಿಗೂ ಹೇಳಿಲ್ಲ."

"ಮೂಳೆ ಮುರಿದ್ರೆ?"

"ಮುರಿಯೋದು ನನ್ನ ಕಾಲು ತಾನೇ? ನೀವು ಬಾಯಿ ಬಿಟ್ರೆ, ನಮ್ಮಿಬ್ಬರಿಗೂ ಅವತ್ತಿಗೆ ಮಾತು ಮುಗೀತು, ಅಷ್ಟೇ."

ಶುಕ್ರವಾರ, ಶನಿವಾರ ಶೂಮಾವ ತಟ್ಟೆಯ ಊಟ ಹಾಗೇ ಬಿಟ್ಟು ಎದ್ದರು. ಕೇಳಿದರೆ ಹಲ್ಲುನೋವು ಎಂದರು. ಅವರ ಮೂವತ್ತೆರಡೂ ಹಲ್ಲು ಗಟ್ಟಿಮುಟ್ಟಾಗಿರುವುದು ಹೆಂಡತಿಗೆ ಗೊತ್ತಿಲ್ಲವೇ? ಭಾನುವಾರ ಬೆಳಿಗ್ಗೆ ಒಂದೊಂದೇ ಪ್ರಶ್ನೆ ಹಾಕಿ ಎಲ್ಲವನ್ನೂ ಹೊರಗೆಳೆದರು.

"ಮಾತು ಬಿಡ್ತೀನಿ ಅಂದಿದ್ದಾನೆ ಕಣೇ."

"ಬಿಟ್ರೆ ಬಿಡ್ಲಿ. ಜೀವಮಾನ ಪೂರ್ತಿ ಕುಂಟ್ಕೊಂಡು ಬಂದು ಮಾವ, ಮಾವ ಅಂದ್ರೆ ನಿಮಗೆ ಕೇಳೋಕೆ ಚೆನ್ನಾಗಿರುತ್ತಾ?"

ಆಟಕ್ಕೆ ಮೂರು ಗಂಟೆ ಇರುವಾಗ ಮಹಡಿಯ ಸಭಾಕೋಣೆಯಲ್ಲಿ ದೊಡ್ಡವರೆಲ್ಲ ಸೇರಿದ್ದರು. ಉಳಿದವರ ಕುರ್ಚಿಗಿಂತ ಒಂದು ಗೇಣು ಎತ್ತರದ ಕುರ್ಚಿಯಲ್ಲಿ ಮಾಲೀಕರು. ಯುದ್ಧಕ್ಕೆ ಹೊರಟ ಸೇನಾಪತಿಯ ಗತ್ತಿನಲ್ಲಿ ದೊಡ್ಡ ಹಾಳೆಯ ಮೇಲೆ ಬಾಣಗಳನ್ನು ಬರೆಯುತ್ತಿದ್ದ ಕೋಚ್. ಪಕ್ಕದಲ್ಲಿ ಡಾಕ್ಟರು. ಮೇಜಿನ ಕೊನೆಗೆ ಮಿಂಚು. ಶೂಮಾವ ಆ ಕೋಣೆಯ ಹೊಸ್ತಿಲನ್ನು ಅದುವರೆಗೆ ದಾಟಿದವರಲ್ಲ. ಬಾಗಿಲು ತಟ್ಟಿ, ಯಾರೂ ಬನ್ನಿ ಎನ್ನುವ ಮೊದಲೇ ಒಳಗೆ ಬಂದು, ಜೊತೆ ಶೂಗಳನ್ನು ಬಾಣಗಳ ಮೇಲೆ ಇಟ್ಟುಬಿಟ್ಟರು.

"ಏನ್ರೀ ಇದು? ಮೇಜಿನ ಮೇಲೆ ಶೂ?" ಮಾಲೀಕರ ಕುರ್ಚಿ ಕಿರುಗುಟ್ಟಿತು.

"ಒರೆಸಿದೆ ಸಾರ್. ಬಲಗಾಲಿನದರೊಳಗೆ ಕೈ ಹಾಕಿ ನೋಡಿ. ಕಿರುಬೆರಳಿನ ಕಡೆ. ಇವನು ಮೂರು ವಾರದಿಂದ ಆ ಕಡೆ ಕಾಲೇ ಊರಿಲ್ಲ."

ಯಾರೂ ಕೈ ಹಾಕಲಿಲ್ಲ. ಮಿಂಚು ಅವರನ್ನೇ ದುರುಗುಟ್ಟಿ ನೋಡುತ್ತಿದ್ದ. ಶೂಮಾವ ಬಲಗಾಲಿನ ಶೂವನ್ನು ಡಾಕ್ಟರ ಕಡೆಗೆ ತಳ್ಳಿದರು.

"ನಿಮ್ಮ ಪಾಲಿಶ್ ಪುರಾಣ ನಾಳೆ ಕೇಳ್ತೀವಿ, ಹೊರಡಿ," ಎಂದ ಕೋಚ್.

ಡಾಕ್ಟರು ಕನ್ನಡಕ ತೆಗೆದರು. "ನನ್ನ ಮೆಷಿನ್‌ಗಳಿಗೆ ಗೊತ್ತಾಗದ್ದು ನಿಮ್ಮ ಶೂಗೆ ಗೊತ್ತಾಯ್ತೋ?"

"ನೋವೇ ಇಲ್ಲ ಅಂತ ಅವನು ಸಾಧಿಸಿದ್ರೆ ನೀವು ಮೆಷಿನ್ ಹಚ್ಚೋದಾದ್ರೂ ಎಲ್ಲಿಗೆ ಸಾರ್? ಒಂದ್ಸಲ ಒತ್ತಿ ನೋಡಿ. ನಾನು ಹೇಳಿದ್ದು ತಪ್ಪಾದ್ರೆ ಇವತ್ತೇ ಕೆಲಸ ಬಿಟ್ಟು ಹೋಗ್ತೀನಿ."

ಈ ಮನುಷ್ಯನ ಬಾಯಿ ಮುಚ್ಚಿಸಲೆಂದೇ ಡಾಕ್ಟರು ಮಂಡಿಯೂರಿ, ಮಿಂಚಿನ ಬಲಪಾದದ ಹೊರ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಮಿಂಚು ಕೂಗಲಿಲ್ಲ. ಅವನ ಮೊಣಕೈ ಮಾತ್ರ ಸಿಡಿದು ಲೋಟ ಉರುಳಿತು. ಬಾಣಗಳೆಲ್ಲ ನೀರಿನಲ್ಲಿ ಕಲಸಿಹೋದವು.

ಸಂಜೆ ಎಕ್ಸ್‌ರೇ ತೆಗೆಸಿದಾಗ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇನ್ನೊಂದು ಏಟು ಬಿದ್ದಿದ್ದರೆ ಎರಡು ತುಂಡಾಗಿ ಆಟವೇ ಮುಗಿಯುತ್ತಿತ್ತು ಎಂದರು ಡಾಕ್ಟರು, ತಾವೇ ಕಂಡುಹಿಡಿದವರ ದನಿಯಲ್ಲಿ. ಅಷ್ಟು ಹೊತ್ತಿಗೆ ಮಿಂಚಿಲ್ಲದೆ ಆಡಿದ ತಂಡ ಒಂದು ಗೋಲಿನಿಂದ ಸೋತಿತ್ತು. ಸೋಲಿಗೆ ಶೂಮಾವನೇ ಕಾರಣ ಎಂದು ಮಾಲೀಕರು ತೀರ್ಮಾನಿಸಿ, ಇನ್ನು ಮೆಟ್ಟಿಲು ಹತ್ತಕೂಡದೆಂದು ಅಪ್ಪಣೆ ಮಾಡಿದರು. ಅದೇನೂ ದೊಡ್ಡದಲ್ಲ. ಮಿಂಚು ಮಾತು ಉಳಿಸಿಕೊಂಡದ್ದು ದೊಡ್ಡದು. ಐದು ತಿಂಗಳು ಅವನು ಶೂ ಕೋಣೆಯ ಮುಂದೆ ಹಾದುಹೋಗುವಾಗ ಎದುರಿನ ಗೋಡೆ ನೋಡಿಕೊಂಡೇ ಹೋದ. ಮೊದಮೊದಲು ಊರುಗೋಲಿನ ಸದ್ದು, ಆಮೇಲೆ ಕುಂಟು ಹೆಜ್ಜೆ, ಆಮೇಲೆ ನೆಟ್ಟಗಿನ ಹೆಜ್ಜೆ. ಶೂಮಾವ ಎಲ್ಲವನ್ನೂ ಒಳಗೆ ಕೂತೇ ಕೇಳಿಸಿಕೊಂಡರು. ಅವನ ಶೂ ಇಡುತ್ತಿದ್ದ ಖಾಲಿ ಗೂಡಿನ ಧೂಳನ್ನು ದಿನಾ ಒರೆಸಿದರು.

ಆರನೇ ತಿಂಗಳು ಒಂದು ಬೆಳಿಗ್ಗೆ ಬಾಗಿಲಲ್ಲಿ ಧೊಪ್ಪೆಂದು ಡಬ್ಬಿಯೊಂದು ಬಿತ್ತು. ಹೊಸ ಜೊತೆ. ಮಿಂಚು ಚೌಕಟ್ಟಿಗೆ ಒರಗಿ ಗೋಡೆ ನೋಡುತ್ತಿದ್ದ.

"ಒಂದು ವರ್ಷಕ್ಕೆ ಒಪ್ಪಿದ್ದಾರೆ. ಒಂದು ವಾರದಲ್ಲಿ ಹದ ಆಗುತ್ತಾ?"

ಶೂಮಾವ ಚರ್ಮ ಹಿಸುಕಿ ನೋಡಿದರು. "ಗಟ್ಟಿ ಇದೆ. ಹತ್ತು ದಿನ."

"ಎಂಟು."

"ಹತ್ತು ಅಂದ್ನಲ್ಲ."

"ಸರಿ ಮಾವ."

ಆ ಒಂದು ವರ್ಷ ಮೂರಾಯಿತು, ಎರಡು ಕಪ್ಪೂ ಬಂದವು. ಮಿಂಚಿನ ವಿದಾಯದ ದಿನ ಅವನೇ ಶೂಮಾವನನ್ನು ಕೈಹಿಡಿದು ಮೈದಾನಕ್ಕೆ ಕರೆತಂದ. ಕೋಟು ತೊಟ್ಟ ಟೀವಿಯವರೊಬ್ಬರು ಅವರ ಬಾಯಿಗೆ ಮೈಕು ಹಿಡಿದು, ಕಣ್ಣು ಅರೆಮುಚ್ಚಿ, ಎದೆಯಾಳದಿಂದ ದನಿ ತೆಗೆದರು: "ಸಾರ್, ಆ ಮಹಾನ್ ಪಾದಗಳ ಶೂನಲ್ಲಿ ನೀವೂ ನಿಂತವರು. ಹಾಗೆ ನಿಂತಾಗ ನಿಮ್ಮ ಮನಸ್ಸಿಗೆ ಏನು ಅನ್ನಿಸ್ತು?"

"ಬಲಗಾಲು ಸರಿಯಿಲ್ಲ ಅನ್ನಿಸ್ತು," ಎಂದರು ಶೂಮಾವ. "ಹೋಗಿ ಹೇಳ್ದೆ."