ನೂಲಿಲ್ಲದ ಲಾಳಿ

ಆಗೆಲ್ಲ ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಇಣುಕಿ ನೋಡಬೇಕಿರಲಿಲ್ಲ, ಮಗ್ಗದ ಸದ್ದೇ ಹೇಳುತ್ತಿತ್ತು. ಸದ್ದು ನಿಂತರೆ ಸಾಕು, ಹಿತ್ತಲಲ್ಲಿ ನೂಲು ಸುತ್ತುತ್ತಿದ್ದ ಅವ್ವನ ಕೂಗು ಬರುತ್ತಿತ್ತು: "ಯಾಕೆ ಪದ್ಮಾ, ನಿದ್ದೆ ಹೋದ್ಯಾ?"

ಪದ್ಮ ನನ್ನ ಅಕ್ಕ. ಅವಳಿಗೆ ಹದಿನೇಳು, ನನಗೆ ಒಂಬತ್ತು. ಆ ಬೇಸಿಗೆ ರಜೆಯಲ್ಲಿ ಅವಳು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂತಿರತೊಡಗಿದಳು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ತನಗೆ ಪ್ರಾಣವಾಗಿದ್ದ ಮೆಣಸಿನಕಾಯಿ ಬಜ್ಜಿಯನ್ನೂ ನನ್ನ ತಟ್ಟೆಗೆ ಸರಿಸುತ್ತಿದ್ದಳು. ನಾನೋ ಹೊಟ್ಟೆಬಾಕಿ, ತಿಂದುಬಿಡುತ್ತಿದ್ದೆ.

ಅವಳು ಬೈಸಿಕೊಳ್ಳುವುದನ್ನು ನೋಡಲಾರದೆ ಒಂದು ಉಪಾಯ ಮಾಡಿದೆ. ಕುಂಟಾಬಿಲ್ಲೆ ಬಿಟ್ಟು ಬಂದು, ಅಕ್ಕನ ಪಕ್ಕ ನಿಂತು ಹಗ್ಗ ಎಳೆದು, ನೂಲಿಲ್ಲದ ಖಾಲಿ ಲಾಳಿಯನ್ನು ಆ ಕಡೆ ಈ ಕಡೆ ಓಡಿಸುತ್ತಿದ್ದೆ. ಟಕ್, ಟಕ್. ಸೀರೆ ಒಂದೆಳೆಯೂ ಬೆಳೆಯುತ್ತಿರಲಿಲ್ಲ, ಸದ್ದು ಮಾತ್ರ ಸರಿಯಾಗಿತ್ತು. "ಹಾಂ, ಹಂಗೆ!" ಅನ್ನುತ್ತಿದ್ದಳು ಅವ್ವ. ಎಂಥ ಜಾಣೆ ನಾನು ಅಂತ ಬೀಗುತ್ತಿದ್ದೆ.

ಎಂಟನೇ ದಿನ ಅಕ್ಕ ನನ್ನ ಕೈ ಹಿಡಿದಳು. "ನಂಗೆ ಬದುಕೋದೇ ಬ್ಯಾಡ ಅನ್ನಿಸ್ತೈತೆ ಕಣೇ. ಅವ್ವನ ಮೇಲಾಣೆ, ಯಾರಿಗೂ ಹೇಳಬ್ಯಾಡ."

ಬಾಯಿ ಬಿಟ್ಟರೆ ಅವ್ವ ಸಾಯುತ್ತಾಳೆ, ಬಿಡದಿದ್ದರೆ ಅಕ್ಕ. ಅವಳು ಬಚ್ಚಲಿಗೆ ಹೋದರೂ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ.

ಹನ್ನೆರಡನೇ ದಿನ ಅವ್ವ ಬಂದು ಸೀರೆಗೆ ಗೇಣು ಹಾಕಿ ನೋಡಿದಳು. "ಇಷ್ಟು ದಿನ ಏನ್ ನೇಯ್ದೆ, ಮೈಗಳ್ಳಿ!" ಎಂದು ಕೈ ಎತ್ತಿದಳು. ಅಕ್ಕ ತಲೆ ಕೂಡ ತಪ್ಪಿಸಲಿಲ್ಲ.

"ಹೊಡಿಬ್ಯಾಡವ್ವಾ! ಸದ್ದು ಮಾಡಿದ್ದು ನಾನು. ಅಕ್ಕಂಗೆ ಬದುಕೋದೇ ಬ್ಯಾಡಂತೆ!"

ಆಣೆ ಮುರಿದೆನಲ್ಲ ಎಂದು ಹೆದರಿ ಅವ್ವನ ಸೊಂಟ ತಬ್ಬಿಕೊಂಡೆ. ಅವ್ವ ಸಾಯಲಿಲ್ಲ. ಗುಂಡಿಯಂಚಿಗೆ ಕುಸಿದು ಕೂತು ಅಕ್ಕನನ್ನು ಎದೆಗೆ ಎಳೆದುಕೊಂಡಳು.

ಮರುದಿನ ಮೊದಲ ಬಸ್ಸಿಗೇ ಚಳ್ಳಕೆರೆ. ಡಾಕ್ಟರಮ್ಮ ಅಕ್ಕನನ್ನು ಬಹಳ ಹೊತ್ತು ಮಾತಾಡಿಸಿದರು. "ಇದು ಮೈಗಳ್ಳತನ ಅಲ್ಲಮ್ಮ, ಖಿನ್ನತೆ ಅಂತ ಕಾಯಿಲೆ. ವಾಸಿ ಆಗುತ್ತೆ. ಒಬ್ಬಳನ್ನೇ ಬಿಡಬೇಡಿ." ಮಾತ್ರೆ, ಮಾತು, ಮತ್ತೆ ಚಳ್ಳಕೆರೆ. ಅಕ್ಕ ತಾನಾಗಿ ಬಜ್ಜಿಗೆ ಕೈ ಹಾಕುವಷ್ಟರಲ್ಲಿ ದೀಪಾವಳಿ ಬಂದಿತ್ತು.

ಈಗ ಓಣಿಯಲ್ಲಿ ಅಲ್ಲೊಂದು ಇಲ್ಲೊಂದು ಮಗ್ಗ. ಆ ಸದ್ದು ಹೋಯಿತಲ್ಲ ಎಂದು ಎಲ್ಲರೂ ಮರುಗುತ್ತಾರೆ. ನನ್ನ ಸಂಕಟ ಬೇರೆ. ಖಾಲಿ ಲಾಳಿ ಓಡಿಸಿ ಅಕ್ಕನ ಕಾಯಿಲೆಯನ್ನು ಹನ್ನೆರಡು ದಿನ ಮುಚ್ಚಿಟ್ಟವಳು ನಾನು. ಫೋನಿನಲ್ಲಿ ಅವಳು ಎಷ್ಟೇ ನಕ್ಕರೂ ಕೇಳಿಬಿಡುತ್ತೇನೆ:

"ನಿಜ ಹೇಳಕ್ಕ, ಚೆನ್ನಾಗಿದೀಯಾ?"

"ಇದೀನಿ ಕಣೇ. ನೀನು?"

ಕೆಲವು ದಿನ "ಇಲ್ಲ ಕಣಕ್ಕ" ಅನ್ನುತ್ತೇನೆ. ಮುಂದಿನ ಬಸ್ಸಿಗೇ ಬಂದುಬಿಡುತ್ತಾಳೆ.