ಸಾಕಮ್ಮನ ಎಮ್ಮೆಗೆ ಎಂಟು ಕೊಡ

ಸಾಕಮ್ಮ ಬೀದಿ ನಲ್ಲಿಗೆ ಬಂದಳೆಂದರೆ ಹಿಂದೆ ನಿಂತವರ ಕಥೆ ಮುಗಿಯಿತು. ಮನೆಗೆ ಎರಡು ಕೊಡ, ಎಮ್ಮೆಗೆ ಎಂಟು! ಲಷ್ಕರ್ ಮೊಹಲ್ಲಾದ ನಮ್ಮ ಗಲ್ಲಿಗೆ ಆ ಬೇಸಗೆಯಲ್ಲಿ ನೀರು ಬರುತ್ತಿದ್ದುದೇ ಬೆಳಿಗ್ಗೆ ಒಂದು ಗಂಟೆ ಹೊತ್ತು. ಆಕೆ ಪೀಪಾಯಿ ತುಂಬಿಟ್ಟುಕೊಂಡು, ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಮ್ಮೆಯ ನೆತ್ತಿಯಿಂದ ಬಾಲದವರೆಗೆ ಚೊಂಬುಚೊಂಬಾಗಿ ಸುರಿಯುತ್ತಿದ್ದಳು. ಎಮ್ಮೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ನೋಡುವ ನಮಗೆ ಮೈಯೆಲ್ಲ ಉರಿ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಸುಮ್ಮನಿರುವುದು ಹೇಗೆ? “ಸಾಕಮ್ಮ, ಬಿಸಿಲು ತಡೆಯೋ ಶಕ್ತಿ ಪ್ರಾಣಿಗಳ ಮೈಯಲ್ಲೇ ಇರುತ್ತೆ. ಬೆವರ್ತಾವೆ, ತಣ್ಣಗಾಗ್ತಾವೆ. ನೆರಳಲ್ಲಿ ಕಟ್ಟಿ, ಸಾಕು,” ಎಂದೆ.

ಆಕೆ ನನ್ನ ಅಂಗಿಯನ್ನೇ ನೋಡಿದಳು. “ಬೆವರೋದು ನೀವು ಕಣ್ರೀ ಮೇಷ್ಟ್ರೇ, ಬೆನ್ನೆಲ್ಲ ಒದ್ದೆ ಆಗ್ಯದೆ. ನಮ್ಮ ಗೌರಿ ಮೈ ಮುಟ್ಟಿ ನೋಡಿ, ಕಾದ ಎಂಚು. ಕೆಸರಲ್ಲಿ ಬಿದ್ದಿರೋ ಜೀವ ಅದು, ಅದಕ್ಕೆಲ್ಲಿ ಬತ್ತದೆ ಬೆವರು? ಈ ಗಲ್ಲೀಗೆ ಕೆರೆ ಎಲ್ಲಿಂದ ತರ್ಲಿ? ನಾನೇ ಅದರ ಕೆರೆ. ದಾರಿ ಬುಡಿ.”

ಇಂಥ ಮೊಂಡು ಹೆಂಗಸಿನ ಜೊತೆ ಯಾರು ವಾದ ಮಾಡುತ್ತಾರೆ! ಗಲ್ಲಿಯವರನ್ನೆಲ್ಲ ಸೇರಿಸಿ, ಮನೆಗೆ ಮೂರೇ ಕೊಡ ಎಂದು ಕಟ್ಟಪ್ಪಣೆ ಮಾಡಿಸಿದೆ. ಸಾಕಮ್ಮ ನನಗೂ ಬೈದಳು, ನನ್ನ ಓದಿಗೂ ಬೈದಳು, ಆದರೆ ಮೂರೇ ಕೊಡ ಹೊತ್ತಳು.

ನಾಲ್ಕನೆಯ ದಿನಕ್ಕೆ ಗೌರಿ ಬಾಯಿ ತೆರೆದು ಏದುಸಿರು ಬಿಡುತ್ತ ಮೇವು ಬಿಟ್ಟಿತು. ಹಾಲು ಕಾಲು ಸೇರಿಗೆ ಇಳಿಯಿತು. ನನ್ನ ಎಂಟು ತಿಂಗಳ ಮಗಳು ಕುಡಿಯುತ್ತಿದ್ದುದು ಆ ಹಾಲನ್ನೇ. ಮಗು ಅತ್ತೂ ಅತ್ತೂ ಸೋತಾಗ ಹೆಂಡತಿ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಕಾಲೇಜಿನ ಹಳೆಯ ಪುಸ್ತಕ ತೆಗೆದೆ. ಎಮ್ಮೆಗೆ ಬೆವರಿನ ಗ್ರಂಥಿಗಳು ಬಹಳ ಕಡಿಮೆ ಎಂದು ಅಲ್ಲೇ ಇತ್ತು. ನಾನೇ ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ನಾಚಿಕೆಯಾಯಿತು. ನಮ್ಮ ಪಾಲಿನ ಮೂರರಲ್ಲಿ ಎರಡು ಕೊಡ ಹೊತ್ತು ಹೋಗಿ ಗೌರಿಯ ಮೇಲೆ ಸುರಿಯತೊಡಗಿದೆ.

“ಬೆನ್ನಿಗೊಂದೇ ಉಯ್ದ್ರೆ ಆಯ್ತಾ? ಕಿವಿ ಇಂದೆ, ಒಟ್ಟೆ ಕೆಳಗೆ! ಎಲ್ಲಾನೂ ಏಳ್ಕೊಡ್ಬೇಕು ಇವರಿಗೆ,” ಎಂದು ಸಾಕಮ್ಮ ಗದರಿದಳು. ವಾರದಲ್ಲಿ ಹಾಲು ಮೊದಲಿನಂತಾಯಿತು. ಆಕೆಯ ಎಂಟು ಕೊಡವೂ ಮೊದಲಿನಂತಾಯಿತು.

ಎರಡು ವರ್ಷದ ನಂತರ ಗೌರಿಯನ್ನು ಕಟ್ಟುತ್ತಿದ್ದ ಕೊಟ್ಟಿಗೆಯ ಜಾಗ ಕೈತಪ್ಪಿತು. ಸಾಕಮ್ಮ ತಂಗಿಯ ಊರಿಗೆ ಹೊರಟಳು. ಉರಿಬಿಸಿಲಲ್ಲಿ, ಗೌರಿಯ ಹಗ್ಗ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಹೋಗಿಬರುತ್ತೇನೆ ಎನ್ನಲು ಬಂದಳೆಂದುಕೊಂಡೆ.

“ಸುಮ್ನೆ ನೋಡ್ತಾ ನಿಂತ್ರಲ್ಲ, ಬಿಸಿಲು ಕಾಣಾಕಿಲ್ವಾ? ನೀರು ತನ್ನಿ.”

ಮನೆಯಲ್ಲಿದ್ದುದು ಒಂದೇ ಕೊಡ. ಗೊಣಗಿಕೊಂಡೇ ತಂದು, ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಎಲ್ಲ ಕಡೆ ಸುರಿದೆ. ಸಾಕಮ್ಮ ಎಮ್ಮೆಯ ಮೈಮೇಲೆ ಕೈಯಾಡಿಸಿ ನೋಡಿ, “ಈಗ ಕಲ್ತ್ರಿ,” ಎಂದು ಹೊರಟಳು. ತಿರುಗಿ ನೋಡಲಿಲ್ಲ. ನಾನು ಆಕೆಯನ್ನು ಕಂಡಿದ್ದು ಅದೇ ಕೊನೆ.

ಆ ಸಂಜೆ ನಮ್ಮ ಮನೆಯಲ್ಲಿ ಅಡುಗೆಗೆ ಹನಿ ನೀರಿರಲಿಲ್ಲ. ಹೆಂಡತಿ ಖಾಲಿ ಕೊಡ ನೋಡಿದಳು, ಅದನ್ನೇ ಸೊಂಟಕ್ಕಿಟ್ಟುಕೊಂಡು ಪಕ್ಕದ ಮನೆಗೆ ನೀರು ಕೇಳಲು ನಡೆದಳು.