ಹಾಲುಣ್ಣುವ ಜೀವಗಳು

ಮೈಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಶುವೈದ್ಯೆ ಯಾವ ಪ್ರಾಣಿಯನ್ನು ಕಂಡರೂ ಮೊದಲು ಅದರ ಕಿವಿ ಮುಟ್ಟಿ ಮೈಕಾವು ನೋಡುತ್ತಿದ್ದರು. "ಮೈ ತಣ್ಣಗಾಗಬೇಕ್ರಿ, ಆಗ್ಲಿಲ್ಲಂದ್ರ ಜೀವ ಉಳಿಯಂಗಿಲ್ರಿ" ಎಂಬುದು ಅವರ ಮಾತು. ಕೋಟ್ಯಂತರ ವರ್ಷಗಳ ನಂತರ ಖಂಡಗಳೆಲ್ಲ ಒಂದಾಗಿ, ಭೂಮಿ ವಿಪರೀತ ಕಾದು, ಆ ಕಾವಿಗೆ ಹಾಲುಣ್ಣುವ ಪ್ರಾಣಿಗಳು ಉಳಿಯಲಿಕ್ಕಿಲ್ಲ ಎಂದು ಎಲ್ಲೋ ಓದಿದ್ದರು. "ಅದ್ರಾಗ ನಾವೂ ಬಂದೇವಲ್ರಿ" ಎನ್ನುತ್ತಿದ್ದರು.

"ಅಷ್ಟು ದೂರದ ಚಿಂತಿ ಯಾಕ್ರಿ ಮೇಡಂ?" ಎಂದು ನಾನು ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅವರೊಂದಿಗೆ ಔರಾದಿನ ಕೊಟ್ಟಿಗೆಯೊಂದಕ್ಕೆ ಹೋಗಿದ್ದೆ. ಬಿಸಿಲು ಬಡಿದ ಎಮ್ಮೆಗೆ ಸಂಜೆಯವರೆಗೂ ನೀರು ಸುರಿದೆವು. ಅದು ಬದುಕಲಿಲ್ಲ. ಕರು ಹಗ್ಗ ಬಿಡಿಸಿಕೊಂಡು ಬಂದು ಸತ್ತ ತಾಯಿಯ ಮೊಲೆಗೆ ಬಾಯಿ ಹಾಕಿತು. ಮನೆಯ ಅಜ್ಜಿ ಅದನ್ನು ಎಳೆಯಲು ಹೋದರು.

"ಬಿಡ್ರಿ ಯವ್ವಾ" ಎಂದರು ಪಶುವೈದ್ಯೆ. "ಇದ್ದಷ್ಟು ಕುಡೀಲಿ."